ದಾರಿ ನೋಡುವ ಶಾಸ್ತ್ರ

"ರೂಟು ಪಕ್ಕಾ ಆಯ್ತು ಕಣ್ರೋ!" ಅಂತ ಸೀನ ಜಗಲಿ ಹತ್ತುವ ಹೊತ್ತಿಗೆ ಪದ್ದಕ್ಕನ ಉಪ್ಪಿಟ್ಟು ಆಗ ತಾನೇ ಹೊರಗೆ ಬಂದಿತ್ತು.

"ಯಾವ ರೂಟಪ್ಪಾ?" ಮೇಷ್ಟ್ರು ಕೇಳಿದರು. ಕೇಳಬಾರದಿತ್ತು.

"ಮುಂದಿನ ಶನಿವಾರ 300 ಕಿಲೋಮೀಟರ್ ಬ್ರೆವೆ ಸಾರ್, ಗಡುವು ಇಟ್ಟು ಮಾಡೋ ದೂರದ ಸೈಕಲ್ ಸವಾರಿ. ಮಾಗಡಿ, ಹುಲಿಯೂರುದುರ್ಗ, ನಾಗಮಂಗಲ, ಮೇಲುಕೋಟೆ. ಬರೋವಾಗ ಪಾಂಡವಪುರ, ಮಂಡ್ಯ, ಮದ್ದೂರು. 20 ಗಂಟೆ ಒಳಗೆ ಮುಗಿಸ್ಬೇಕು. ನಿನ್ನೆ ಪೂರ್ತಿ ದಾರಿ ನೋಡ್ಕೊಂಡು ಬಂದೆ. ರಸ್ತೆ ಅಂದ್ರೆ ಬೆಣ್ಣೆ!"

"ಸೈಕಲ್‌ನಲ್ಲೇ ಹೋಗಿದ್ಯಾ?"

"ಅಯ್ಯೋ, ಸೈಕಲ್ ತುಳಿಯೋಕೆ ಮುಂಚೆ ಯಾರಾದ್ರೂ ಸೈಕಲ್ ತುಳೀತಾರಾ ಸಾರ್? ಕಾರಿನಲ್ಲಿ."

ನಂಜುಂಡ ತಟ್ಟೆ ಕೆಳಗಿಟ್ಟ. ಉಪ್ಪಿಟ್ಟು ಮುಗಿಯುವ ಮೊದಲೇ ಅವನು ತಟ್ಟೆ ಕೆಳಗಿಟ್ಟರೆ ಯಾರಿಗೋ ಗ್ರಹಚಾರ ಕಾದಿದೆ ಅಂತಲೇ ಲೆಕ್ಕ.

"ಹೆಣ್ಣು ನೋಡೋ ಶಾಸ್ತ್ರ ಮುಗಿಸ್ಕೊಂಡು ಬಂದೆ ಅನ್ನು."

"ಏನು ಹಾಗಂದ್ರೆ?"

"ಕಾರು ಮಾಡ್ಕೊಂಡು ಹೋದೆ. ದಾರೀಲಿ ಮದ್ದೂರು ವಡೆ ತಿಂದೆ. ಗಾಜು ಕೂಡ ಇಳಿಸದೆ ರಸ್ತೆ ನೋಡಿ, ಲಕ್ಷಣವಾಗಿದೆ, ಊರಿಗೆ ಹೋಗಿ ಕಾಗದ ಹಾಕ್ತೀವಿ ಅಂತ ಎದ್ದು ಬಂದೆ. ಅರ್ಧ ಗಂಟೆ ತಲೆ ತಗ್ಗಿಸಿ ಕೂತಿದ್ದನ್ನ ನೋಡಿದ್ರೆ ಸ್ವಭಾವ ಗೊತ್ತಾಗುತ್ತೇನಯ್ಯ? ಸಂಸಾರ ಶುರುವಾಗಲಿ, ತಿಳಿಯುತ್ತೆ."

"ರಸ್ತೇನ ಯಾರಾದ್ರೂ ಕೇಳಿದ್ರಾ, ಈ ಗಂಡು ಒಪ್ಪಿಗೇನಾ ಅಂತ?" ಪದ್ದಕ್ಕ ಒಳಗಿನಿಂದಲೇ ಅಂದರು. "ನನ್ನನ್ನ ನೋಡಿ ಉಪ್ಪಿಟ್ಟು ತಿಂದು ಹೋದವರು ಏಳು ಜನ. ಒಬ್ಬರದ್ದೂ ಕಾಗದ ಬರಲಿಲ್ಲ. ರವೆ ಖರ್ಚಾಯ್ತು ಅಷ್ಟೆ."

ಇದಕ್ಕೆ ನಗಬೇಕೋ ಬೇಡವೋ ಗೊತ್ತಾಗದೆ ಎಲ್ಲರೂ ಒಂದೊಂದು ತುತ್ತು ತಿಂದೆವು. ಸೀನ ಫೋನು ತೆಗೆದ. "ತಮಾಷೆ ಸಾಕು. ಎಲ್ಲಾ ಎಕ್ಸೆಲ್‌ನಲ್ಲಿ ಹಾಕಿದೀನಿ. ಮಾಗಡಿ: ಕಾಫಿ ಪರವಾಗಿಲ್ಲ. ಹುಲಿಯೂರುದುರ್ಗ: ನಾಯಿ ನಾಲ್ಕು, ಸಾಧು. ಏರು: ಎಲ್ಲೂ ಇಲ್ಲ."

"ಎಲ್ಲೂ ಇಲ್ವಾ? ಕಾರಿಗೆ ಗೇರು ಎಂಥದು?"

"ಆಟೋಮ್ಯಾಟಿಕ್."

"ಅದಕ್ಕೇ. ಏರು ಕಾರಿಗೆ ಗೊತ್ತಾಗಿದೆ, ಅದು ನಿನಗೆ ಹೇಳಿಲ್ಲ. ಬೆಂಗಳೂರು 900 ಮೀಟರ್ ಎತ್ತರದಲ್ಲಿದೆ, ಮಂಡ್ಯ 700ಕ್ಕಿಂತ ಕೆಳಗೆ. ಇನ್ನೂರು ಕಿಲೋಮೀಟರ್ ತುಳಿದು ಸುಸ್ತಾಗಿ, ರಾತ್ರಿ ಹೊತ್ತು ಆ ಇನ್ನೂರು ಮೀಟರ್ ನಿನ್ನನ್ನ ಯಾರು ಹತ್ತಿಸ್ತಾರೆ, ಬೀಗರಾ?"

"ನಾಯಿ ವಿಷಯ ಮಾತ್ರ ನಿಜ ಕಣೋ. ಒಂದು ಕೂಡ ಅಟ್ಟಿಸ್ಕೊಂಡು ಬರಲಿಲ್ಲ."

"ಅರವತ್ತರಲ್ಲಿ ಹೋಗೋ ಕಾರಿಗೆ ಹಳ್ಳಿ ನಾಯಿ ಬೊಗಳೋದು ಕರ್ತವ್ಯಕ್ಕೆ. ಹದಿನೈದರಲ್ಲಿ ಹೋಗೋ ಸೈಕಲ್ಲಿಗೆ ಬೊಗಳೋದು ಆಸೆಗೆ."

ಸೀನ ಸೋಲುವವನಲ್ಲ. ಇನ್ನೊಂದು ಸಾಲು ಓದಿದ. "ನಾಗಮಂಗಲದ ಕಡೆ ಅಲ್ಲಲ್ಲಿ ರಸ್ತೆ ಮೇಲೆ ಹುರುಳಿ ಹರಡಿದ್ರು. ಕಾರ್ಪೆಟ್ ಥರ, ಮೆತ್ತಗೆ. ಜನ ಎಷ್ಟು ಒಳ್ಳೆಯೋರು ಅಂದ್ರೆ, ನಾವು ಹೋಗ್ತಿದ್ರೆ ಬನ್ನಿ ಬನ್ನಿ ಅಂತ ಕೈ ಬೀಸ್ತಾರೆ!"

"ಬೀಸದೆ ಇರ್ತಾರಾ? ಪುಕ್ಕಟೆ ಒಕ್ಕಣೆ ಮಾಡ್ಕೊಟ್ಟು ಬಂದಿದೀಯ. ಅದೇ ಹುರುಳಿ ಮೇಲೆ ಸೈಕಲ್ ಬಿಡು. ಕಾಳು ಉದುರಲ್ಲ, ನೀನು ಉದುರ್ತೀಯ. ಬಳ್ಳಿ ಬಂದು ಚೈನಿಗೆ ಸುತ್ಕೊಳ್ಳುತ್ತೆ. ಆಗ ಅದೇ ಒಳ್ಳೆ ಜನ ಹೇಳ್ತಾರೆ, 'ಪಕ್ಕಕ್ಕೆ ಹೋಗಿ ಸಾ, ಕಾಳು ಹಾಳಾಗುತ್ತೆ' ಅಂತ. ಅದಿರಲಿ, ಮಂಡ್ಯದಿಂದ ಈಚೆಗೆ ಯಾವ ರಸ್ತೇಲಿ ಬಂದೆ?"

"ಎಕ್ಸ್‌ಪ್ರೆಸ್‌ವೇ! ಮುಕ್ಕಾಲು ಗಂಟೆಗೆ ಬಿಡದಿ. ಅದರಂಥ ರಸ್ತೆ..."

"ಅದರ ಮೇಲೆ 2023ರ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರೇ ಹತ್ತೋ ಹಾಗಿಲ್ಲ. ಸೈಕಲ್ಲಿಗೆ ಯಾರು ಬಿಡ್ತಾರೆ?"

ಜಗಲಿ ಸ್ವಲ್ಪ ಹೊತ್ತು ನಿಶ್ಶಬ್ದವಾಯಿತು. ಕುಕ್ಕರ್ ಕೂಗಿದ್ದು ಮಾತ್ರ ಕೇಳಿಸಿತು.

"ಹಾಗಾದ್ರೆ..." ಸೀನನ ದನಿ ಇಳಿಯಿತು.

"ಹಾಗಾದ್ರೆ ಅವರು ನಿನಗೆ ತೋರಿಸಿದ್ದು ತಂಗೀನ. ತಾಳಿ ಕಟ್ಟೋದು ಅಕ್ಕನಿಗೆ, ಪಕ್ಕದ ಸರ್ವಿಸ್ ರಸ್ತೆಗೆ."

ನನಗೆ ಕಾಫಿ ನೆತ್ತಿಗೇರಿತು. ಸೀನನಿಗೆ ನಿಜವಾಗಿಯೂ ಬೇಜಾರಾಗಿತ್ತು. "ನಿಮಗೇನು, ಕೂತ್ಕೊಂಡು ಆಡ್ಕೋತೀರ. ಬ್ರೆವೆ ದಿನ ಹಿಂದೆ ಕಾರು ಬರೋ ಹಾಗಿಲ್ಲ. ದಾರೀಲಿ ಹಾಜರಿ ಹಾಕಿಸ್ಕೊಳ್ಳೋ ಕಂಟ್ರೋಲ್ ಪಾಯಿಂಟ್ ಬಿಟ್ಟು ಬೇರೆಲ್ಲೂ ಯಾರೂ ಸಹಾಯ ಮಾಡೋ ಹಾಗಿಲ್ಲ. ಪಂಕ್ಚರ್ ಆದ್ರೂ ನಾವೇ ಹಾಕ್ಕೋಬೇಕು. ಅದಕ್ಕೇ ಮೊದಲೇ ನೋಡ್ಕೊಳ್ಳೋದು. 2027ಕ್ಕೆ ಪ್ಯಾರಿಸ್-ಬ್ರೆಸ್ಟ್-ಪ್ಯಾರಿಸ್‌ಗೆ ಹೋಗ್ಬೇಕು ಅಂತಿದೀನಿ. 1200 ಕಿಲೋಮೀಟರ್, 90 ಗಂಟೆ. 1891ರಲ್ಲಿ ಶುರುವಾದದ್ದು ಅದು, ಗೊತ್ತಾ?"

"ಗೊತ್ತು. ಆ ಮೊದಲನೇ ಸಲ ಗೆದ್ದ ಟೆರೋಂ ಅನ್ನೋನು 72 ಗಂಟೆ ಒಳಗೇ ಪ್ಯಾರಿಸ್‌ಗೆ ವಾಪಸ್ ಬಂದಿದ್ದ. ಅವರ ಜೊತೆ ಪ್ಯೂಜೋ ಕಂಪನಿಯೋರು ತಮ್ಮ ಹೊಸ ಮೋಟಾರು ಗಾಡೀನೂ ಕಳಿಸಿದ್ರು. ಅದು ಬಂದದ್ದು ಯಾವಾಗ ಹೇಳು? ಅವನು ಬಂದು ಆರು ದಿನ ಆದ ಮೇಲೆ. ಆಗ ಕಾರಿಗೆ ದಾರಿ ತೋರಿಸೋಕೆ ಸೈಕಲ್ ಹೋಗ್ತಿತ್ತು ಕಣಯ್ಯ. ಈಗ ನೋಡು."

ಇದನ್ನೆಲ್ಲ ನಂಜುಂಡ ಎಲ್ಲಿಂದ ತರುತ್ತಾನೋ. ಸೈಕಲ್ ಮುಟ್ಟಿ ಅವನಿಗೆ ಇಪ್ಪತ್ತು ವರ್ಷವಾಗಿರಬೇಕು. ತರಕಾರಿಗೂ ಸ್ಕೂಟರೇ.

"ನಾನೂ ಹೋಗಿದ್ದೆ ಆ ದಾರೀಲಿ," ಅಂದರು ಮೇಷ್ಟ್ರು. "ಹೆಣ್ಣು ನೋಡೋಕೆ."

ಎಲ್ಲರೂ ಅವರ ಕಡೆ ತಿರುಗಿದೆವು.

"74ನೇ ಇಸವಿ. ಹೆಡ್‌ಮಾಸ್ತರ ಹತ್ರ ಅಟ್ಲಾಸ್ ಸೈಕಲ್ ಕೇಳಿ ಇಸ್ಕೊಂಡು ನಾಗಮಂಗಲದಿಂದ ಮೇಲುಕೋಟೆಗೆ ಹೊರಟೆ. ಜಕ್ಕನಹಳ್ಳಿ ದಾಟಿ ಏರು ಹಿಡಿದೆ ನೋಡಿ, ಚೈನು ಬಿತ್ತು. ಹಾಕಿದೆ, ಮತ್ತೆ ಬಿತ್ತು. ಮೂರನೇ ಸಲಕ್ಕೆ ಕೈ, ಮುಖ, ಪಂಚೆ ಎಲ್ಲಾ ಗ್ರೀಸು. ಅಲ್ಲೊಂದು ಕಲ್ಲುಮಂಟಪ. ಅದರಲ್ಲಿ ಸ್ವಲ್ಪ ಹೊತ್ತು ಕೂತೆ. ವಾಪಸ್ ಹೋಗೋಣ ಅಂತಲೇ ಅನ್ನಿಸ್ತು. ಕೊನೆಗೆ ತಳ್ಕೊಂಡು ಹೋದೆ. ಅವರ ಮನೆಯೋರು ಯಾರೋ ಪಂಪು ರಿಪೇರಿಯೋನು ಅಂದ್ಕೊಂಡು ಹಿತ್ತಲ ಕಡೆ ಬಾ ಅಂದ್ರು."

"ಆಮೇಲೆ?"

"ಅವಳೊಬ್ಬಳಿಗೇ ಗೊತ್ತಾಯ್ತು. ಹೇಗೆ ಗೊತ್ತಾಯ್ತೋ, ಕೊನೆವರೆಗೂ ಹೇಳಲಿಲ್ಲ. ಹಳೇ ಬಟ್ಟೆಗೆ ಸೀಮೆಎಣ್ಣೆ ಹಾಕಿ ತಂದುಕೊಟ್ಟಳು, ಕೈ ಒರೆಸ್ಕೊಳ್ಳೋಕೆ. ನಮ್ಮ ಶಾಸ್ತ್ರದಲ್ಲಿ ಉಪ್ಪಿಟ್ಟಿಗಿಂತ ಮೊದಲು ಸೀಮೆಎಣ್ಣೆ ಬಂತು."

ನಂಜುಂಡ ತಟ್ಟೆ ಎತ್ತಿಕೊಂಡ. ಉಪ್ಪಿಟ್ಟು ಆರಿತ್ತು, ಆದರೂ ತಿನ್ನತೊಡಗಿದ.

"ಹೋದ ತಿಂಗಳು ಅವಳ ವರ್ಷದ ತಿಥಿ. ಮಗ ಕಾರಿನಲ್ಲಿ ಕರ್ಕೊಂಡು ಹೋದ. ಮಂಟಪ ನೋಡೋಣ ಅಂತ ಕಿಟಕಿ ಪಕ್ಕಾನೇ ಕೂತಿದ್ದೆ. ಇನ್ನೇನು ಏರು ಬರುತ್ತೆ ಅನ್ನೋವಷ್ಟರಲ್ಲಿ 'ಇಳಿಯಪ್ಪ, ಮೇಲುಕೋಟೆ ಬಂತು' ಅಂದ." ಮೇಷ್ಟ್ರು ಸೀನನ ಕಡೆ ತಿರುಗಿದರು. "ನಿನ್ನ ಎಕ್ಸೆಲ್‌ನಲ್ಲಿ ಆ ಮಂಟಪ ಇದೆಯೇನಪ್ಪ?"

ಎಕ್ಸೆಲ್‌ನಲ್ಲಿ ಇರಲಿಲ್ಲ. ಕಾರಿನ ಕ್ಯಾಮರಾದ ವಿಡಿಯೋ ಇದೆ ಸಾರ್ ಅಂತ ಸೀನ ಹುಡುಕಿ ಹಾಕಿದ. ಮೇಷ್ಟ್ರು ಕನ್ನಡಕ ಏರಿಸಿಕೊಂಡು ಫೋನಿಗೆ ಮುಖ ಕೊಟ್ಟರು. ಒಂದು ತಿರುವು, ಒಂದು ಬಸ್ಸು, ಕಲ್ಲಿನ ಥರದ್ದು ಏನೋ ಸರ್ರನೆ ಹೋಯಿತು.

"ಅದೇನಾ? ಇನ್ನೊಂದು ಸಲ ಹಾಕು."

ಹಾಕಿದ. ನಿಲ್ಲಿಸಿ ನೋಡಿದರೆ ಬರೀ ಮಬ್ಬು.

"ಶನಿವಾರ ಹೋಗ್ತೀನಲ್ಲ ಸಾರ್, ಅಲ್ಲಿ ನಿಂತು ಫೋಟೋ ತೆಗೆದು ಕಳಿಸ್ತೀನಿ," ಅಂದ ಸೀನ.

"ನಿಲ್ಲದೆ ಏನು ಮಾಡ್ತೀಯ," ಅಂದರು ಮೇಷ್ಟ್ರು. "ಅಲ್ಲಿ ಎಲ್ಲರೂ ಇಳೀಲೇಬೇಕು."