ಕೊಲೊರಾಡೊ: ಆಸ್ಪೆನ್ ಕಾಡು ಮೊದಲೋ, ಮರಳುದಿಬ್ಬ ಮೊದಲೋ?

ಡಲ್ಲಾಸ್_ಛಾಯಾಸಕ್ತ:

ಎಲ್ಲರಿಗೂ ನಮಸ್ಕಾರ. ಸೆಪ್ಟೆಂಬರ್ ಕೊನೆಯ ವಾರ ಡಲ್ಲಾಸ್‌ನಿಂದ ಕಾರಿನಲ್ಲಿ ಹೊರಟು, ಸ್ಯಾನ್ ಹ್ವಾನ್ ಪರ್ವತಗಳಲ್ಲಿ ಹಳದಿಗೆ ತಿರುಗಿರುವ ಆಸ್ಪೆನ್ ಮರಗಳ ಕಾಡುಗಳನ್ನೂ ಗ್ರೇಟ್ ಸ್ಯಾಂಡ್ ಡ್ಯೂನ್ಸ್ ರಾಷ್ಟ್ರೀಯ ಉದ್ಯಾನದ ಮರಳುದಿಬ್ಬಗಳನ್ನೂ ಚಿತ್ರಿಸಬೇಕೆಂದಿದ್ದೇನೆ. ಒಂದು ವಾರದ ಸಮಯವಿದೆ. ನಮ್ಮ ದಾರಿಯಲ್ಲಿ ಮರಳುದಿಬ್ಬಗಳೇ ಮೊದಲು ಸಿಗುವುದರಿಂದ ಅಲ್ಲಿನ ಕೆಲಸ ಮುಗಿಸಿಕೊಂಡು ಪರ್ವತಗಳತ್ತ ಸಾಗುವುದು ಸರಿಯೇ? ಊರಿನಿಂದ ಬಂದಿರುವ ನನ್ನ ತಂದೆಯವರೂ ಜೊತೆಗಿರುತ್ತಾರೆ. ಅವರಿಗೆ ಸುತ್ತಾಡುವ ಉತ್ಸಾಹ ಬಹಳ, ಆದರೆ ಮಂಡಿನೋವಿದೆ. ನನ್ನಲ್ಲಿ 16-35 (ಅಗಲ ಕೋನದ್ದು) ಮತ್ತು 70-200 (ದೂರದ್ದನ್ನು ಹತ್ತಿರ ತೋರುವಂಥದ್ದು) ಮಿ.ಮೀ. ಲೆನ್ಸುಗಳಿವೆ.

ಡೆನ್ವರ್_ನಿವಾಸಿ:

ನಮಸ್ಕಾರ. ದಾರಿಯಲ್ಲಿ ಮೊದಲು ಸಿಗುತ್ತವೆಂಬ ಕಾರಣಕ್ಕೆ ಮರಳುದಿಬ್ಬಗಳಿಂದ ಆರಂಭಿಸಬೇಡಿ ಎಂಬುದು ನನ್ನ ವಿನಂತಿ. ದಿಬ್ಬಗಳು ವಾರದ ಕೊನೆಗೂ ಅಲ್ಲೇ ಇರುತ್ತವೆ. ಆಸ್ಪೆನ್ ಎಲೆಗಳಾದರೋ ಒಂದು ರಾತ್ರಿಯ ಬಿರುಗಾಳಿಗೆ ಅಥವಾ ಬೇಗ ಬಿದ್ದ ಹಿಮಕ್ಕೆ ಪೂರ್ತಿ ಉದುರಿಹೋಗಬಹುದು. ಬಣ್ಣವು ಸಾಮಾನ್ಯವಾಗಿ ಎತ್ತರದ ಇಳಿಜಾರುಗಳಲ್ಲಿ ಮೊದಲು ಕಾಣಿಸಿಕೊಂಡು ಕೆಳಗಿಳಿಯುತ್ತ ಬರುತ್ತದೆ. ಒಂದೇ ಬೇರಿನಿಂದ ಚಿಗುರಿದ ಮರಗಳೆಲ್ಲ ಸುಮಾರಾಗಿ ಒಟ್ಟಿಗೇ ಬಣ್ಣ ಬದಲಿಸುವುದರಿಂದ, ಒಂದು ಗುಂಪು ಬೋಳಾಗಿದ್ದರೂ ಪಕ್ಕದ ಗುಂಪು ಇನ್ನೂ ಹಸಿರಾಗಿರುವುದುಂಟು. ಆದ್ದರಿಂದ ಒಂದು ತಾಣ ನಿರಾಶೆಗೊಳಿಸಿದರೆ ಅಲ್ಲೇ ಕಾಯದೆ ಮುಂದಿನ ಕಣಿವೆಗೆ ಹೋಗಿ. ಮರಳುದಿಬ್ಬಗಳ ಬುಡದಲ್ಲಿ ಮೆಡಾನೊ ತೊರೆಯ ದಡದ ಕಾಟನ್‌ವುಡ್ ಮರಗಳು ಆಸ್ಪೆನ್‌ಗಳಿಗಿಂತ ತಡವಾಗಿ ಹಳದಿಯಾಗುತ್ತವೆ. ಹಿಂದಿರುಗುವಾಗ ಅಲ್ಲಿ ತಂಗಲು ಇದೂ ಒಂದು ಕಾರಣ.

ಸ್ಯಾನ್ ಹ್ವಾನ್ ಪರ್ವತಗಳಲ್ಲಿ ರಿಡ್ಜ್‌ವೇ ಅಥವಾ ಯೂರೇ ಪಟ್ಟಣದಲ್ಲಿ ವಸತಿ ಮಾಡಿ, ಈಗಲೇ ಕಾದಿರಿಸಿ. ರಿಡ್ಜ್‌ವೇ ಬಳಿಯ ಡಲ್ಲಾಸ್ ಡಿವೈಡ್ ಎಂಬ ಕಣಿವೆದಾರಿಯಿಂದ ಕಾಣುವ 4,315 ಮೀಟರ್ ಎತ್ತರದ ಮೌಂಟ್ ಸ್ನೆಫೆಲ್ಸ್ ಶಿಖರವನ್ನು ಬೆಳಗಿನ ಮೊದಲ ಬಿಸಿಲಿನಲ್ಲಿ ಚಿತ್ರಿಸಬಹುದು, ಮತ್ತು ನಿಮ್ಮ ತಂದೆಯವರು ರಸ್ತೆಬದಿಯಲ್ಲೇ ನಿಂತು ಆ ದೃಶ್ಯವನ್ನು ನೋಡಬಹುದು. ಬಿಸಿಲೇರಿದ ಮೇಲೆ ಯೂರೇಯಿಂದ ಸಿಲ್ವರ್ಟನ್‌ಗೆ ಹೋಗುವ 550ನೇ ಹೆದ್ದಾರಿಯನ್ನು ಹಿಡಿಯಿರಿ. ಕಬ್ಬಿಣದ ಅಂಶದಿಂದ ಕೆಂಪಾಗಿರುವ ರೆಡ್ ಮೌಂಟನ್ ಶಿಖರಗಳ ಮುಂದೆ ಹಳದಿ ಎಲೆಗಳು, ಬೆಳಕು ಅವುಗಳ ಹಿಂದಿನಿಂದ ಬಂದಾಗ, ನಡು ಮಧ್ಯಾಹ್ನವೂ ಚೆನ್ನಾಗಿ ಕಾಣುತ್ತವೆ. ಯೂರೇಯಿಂದ ಮೇಲೇರುವಾಗ ಹಲವೆಡೆ ರಸ್ತೆಗೆ ತಡೆಗೋಡೆಯಿಲ್ಲ. ಚಾಲಕರು ದೃಶ್ಯವನ್ನು ನೋಡುವ ಆಸೆಯನ್ನು ನಿಲುಗಡೆಯ ತಾಣಗಳವರೆಗೆ ತಡೆದುಕೊಳ್ಳಬೇಕು.

ಆಸ್ಪೆನ್ ಎಲೆಯ ತೊಟ್ಟು ಚಪ್ಪಟೆಯಾಗಿರುವುದರಿಂದ ಅದು ನಮ್ಮ ಅರಳಿ ಎಲೆಯಂತೆ ಸಣ್ಣ ಗಾಳಿಗೂ ನಡುಗುತ್ತದೆ. ಎಲೆಗಳು ಸ್ಪಷ್ಟವಾಗಿ ಬೇಕೆಂದರೆ ಟ್ರೈಪಾಡ್ ಇದ್ದರೂ 1/250 ಸೆಕೆಂಡ್ ಅಥವಾ ಅದಕ್ಕಿಂತ ವೇಗದ ಷಟರ್ ಇಟ್ಟುಕೊಂಡು, ಅದಕ್ಕೆ ತಕ್ಕಂತೆ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಏರಿಸಿ.

ಬೆಟ್ಟದಂಚು:

ಮೇಲಿನವರು ಹೇಳಿದ ಕ್ರಮವನ್ನು ನಾನು ಒಪ್ಪುತ್ತೇನೆ, ಆದರೆ ಒಂದೇ ವಾರದಲ್ಲಿ ಎರಡೂ ಕಡೆ ಹೋಗುವುದನ್ನು ಒಪ್ಪಲಾರೆ. ಡುರಾಂಗೊ ಮಾರ್ಗವಾಗಿ ಯೂರೇಯಿಂದ ಮರಳುದಿಬ್ಬಗಳಿಗೆ ಐದು ಗಂಟೆಗೂ ಹೆಚ್ಚಿನ ಪ್ರಯಾಣ. ಡಲ್ಲಾಸ್‌ನ ಹೋಗಿಬರುವ ದಾರಿಯನ್ನೂ ಸೇರಿಸಿದರೆ ಒಳ್ಳೆಯ ಬೆಳಕಿನ ಎಷ್ಟೋ ಗಂಟೆಗಳು ಕಾರಿನೊಳಗೇ ಕಳೆದುಹೋಗುತ್ತವೆ. ಪರ್ವತ, ಹಳದಿ ಎಲೆ ಮತ್ತು ಮರಳು ಮೂರೂ ಒಂದೇ ಚೌಕಟ್ಟಿನಲ್ಲಿ ಸಿಗುವ ಜಾಗ ಮರಳುದಿಬ್ಬಗಳ ಬಳಿಯೇ ಇದೆ. ನೈರುತ್ಯದ ಗಾಳಿ ಸ್ಯಾನ್ ಲೂಯಿ ಕಣಿವೆಯ ಮರಳನ್ನು ಸಾಂಗ್ರೆ ದೆ ಕ್ರಿಸ್ಟೊ ಪರ್ವತಗಳ ಬುಡಕ್ಕೆ ತಳ್ಳುತ್ತದೆ, ಕಣಿವೆದಾರಿಗಳಿಂದ ಬೀಸುವ ಈಶಾನ್ಯದ ಬಿರುಗಾಳಿ ಅದನ್ನೇ ಹಿಂದಕ್ಕೆ ನೂಕುತ್ತದೆ. ಈ ಎರಡು ಗಾಳಿಗಳ ನಡುವೆ ಸಿಕ್ಕಿ ಮರಳು ಮೇಲಕ್ಕೆ ಬೆಳೆದಿರುವುದರಿಂದಲೇ ಸ್ಟಾರ್ ಡ್ಯೂನ್ ಎಂಬ ದಿಬ್ಬ ಬುಡದಿಂದ ಸುಮಾರು 225 ಮೀಟರ್ ಎತ್ತರವಿದೆ ಮತ್ತು ಅದರ ಹಿಂದೆಯೇ 4,000 ಮೀಟರ್ ದಾಟಿದ ಶಿಖರಗಳು ನಿಂತಿವೆ.

ಪರ್ವತಗಳು ಪೂರ್ವಕ್ಕೂ ಈಶಾನ್ಯಕ್ಕೂ ಇರುವುದರಿಂದ ಬೆಳಗಿನ ಬಿಸಿಲು ಮರಳಿಗೆ ತಡವಾಗಿ ಇಳಿಯುತ್ತದೆ. ಸಂಜೆಯ ಬೆಳಕೇ ಇಲ್ಲಿನ ನಿಜವಾದ ಸಂಪತ್ತು ಎಂದು ನನ್ನ ದೃಢವಾದ ಅಭಿಪ್ರಾಯ. ಸೂರ್ಯ ಮುಳುಗುವುದಕ್ಕೆ ಎರಡು ಗಂಟೆ ಮೊದಲೇ ಮೊದಲ ಸಾಲಿನ ದಿಬ್ಬ ಹತ್ತಿ ಉತ್ತರಕ್ಕೆ ಮುಖ ಮಾಡಿದರೆ, ಎಡದಿಂದ ಬರುವ ಓರೆ ಬೆಳಕಿನಲ್ಲಿ ಪ್ರತಿಯೊಂದು ಏಣಿನ ಒಂದು ಮಗ್ಗುಲು ಹೊಳೆದು ಇನ್ನೊಂದು ಮಗ್ಗುಲು ನೆರಳಾಗುತ್ತದೆ. ಬೆನ್ನಿಗೆ ಸೂರ್ಯನನ್ನಿಟ್ಟುಕೊಂಡರೆ ಮರಳು ಸಪ್ಪೆಯಾಗಿ ಕಾಣುತ್ತದೆ. ಎಲ್ಲರೂ ಅಗಲ ಕೋನದ ಲೆನ್ಸ್ ಹಿಡಿದೇ ಇಲ್ಲಿಗೆ ಬರುತ್ತಾರೆ, ಆದರೆ ಅದು ಹಿಂದಿನ ಪರ್ವತಗಳನ್ನು ಕುಗ್ಗಿಸಿಬಿಡುತ್ತದೆ. ನಿಮ್ಮ 70-200 ಲೆನ್ಸಿನಲ್ಲಿ ಮರಳಿನ ಏಣು, ಅದರ ಮೇಲೆ ಇಳಿಜಾರಿನ ಆಸ್ಪೆನ್ ಪಟ್ಟಿ, ಅದರ ಮೇಲೆ ಬಂಡೆಯ ಶಿಖರ ಒತ್ತೊತ್ತಾಗಿ ಬರುತ್ತವೆ, ಜನರ ಹೆಜ್ಜೆಗುರುತುಗಳನ್ನೂ ಚೌಕಟ್ಟಿನಿಂದ ಹೊರಗಿಡಬಹುದು. ಮರಳಿನ ನಡುವೆ ಅಲ್ಲಲ್ಲಿ ಕಾಣುವ ಕಪ್ಪು ಗೆರೆಗಳು ಮ್ಯಾಗ್ನೆಟೈಟ್ ಖನಿಜದವು. ಅವನ್ನು ಕೊಳೆಯೆಂದು ಬಿಡದೆ ವಿನ್ಯಾಸದ ಭಾಗವಾಗಿ ಬಳಸಿಕೊಳ್ಳಿ. ಈ ಉದ್ಯಾನವು 2019ರಿಂದ ಅಂತರರಾಷ್ಟ್ರೀಯ ಡಾರ್ಕ್ ಸ್ಕೈ ಪಾರ್ಕ್ (ರಾತ್ರಿಯ ಆಕಾಶ ಕತ್ತಲಾಗಿಯೇ ಉಳಿದಿರುವ ತಾಣ) ಎಂಬ ಮಾನ್ಯತೆ ಪಡೆದಿದೆ, ಮತ್ತು ಸೆಪ್ಟೆಂಬರ್ ಕೊನೆಯಲ್ಲಿ ಚಂದ್ರನಿಲ್ಲದ ರಾತ್ರಿ ಕತ್ತಲಾದ ಕೂಡಲೇ ಆಕಾಶಗಂಗೆಯ ದಟ್ಟ ಭಾಗ ನೈರುತ್ಯದಲ್ಲಿ ಕಾಣುತ್ತದೆ. ದಿನಾಂಕ ನಿಗದಿಮಾಡುವ ಮುನ್ನ ಪಂಚಾಂಗವನ್ನು ನೋಡಿ, ಸಾಧ್ಯವಾದರೆ ಅಮಾವಾಸ್ಯೆಯ ಆಸುಪಾಸಿನ ಸಂಜೆಗಳನ್ನು ಮರಳಿಗೆ ಮೀಸಲಿಡಿ.

ಡಲ್ಲಾಸ್_ಛಾಯಾಸಕ್ತ:

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಸ್ನೆಫೆಲ್ಸ್ ಶಿಖರವನ್ನು ಬಿಡಲು ಮನಸ್ಸಾಗುತ್ತಿಲ್ಲ, ಆದರೂ ಬೆಟ್ಟದಂಚು ಅವರ ಲೆಕ್ಕಾಚಾರವನ್ನು ಅಲ್ಲಗಳೆಯಲಾರೆ. ತಂದೆಯವರು ಮರಳಿನ ಮೇಲೆ ಎಷ್ಟು ದೂರ ಬರಬಹುದು? ಕ್ಯಾಮೆರಾಗೆ ಮರಳಿನಿಂದ ಅಪಾಯವಿದೆಯೇ?

ಕಾಲುನಡಿಗೆ:

ಮೊದಲು ತಂದೆಯವರ ವಿಷಯ. ಮರಳುದಿಬ್ಬಗಳ ಬುಡವೇ ಸುಮಾರು 2,500 ಮೀಟರ್ ಎತ್ತರದಲ್ಲಿದೆ, ಡಲ್ಲಾಸ್‌ನಿಂದ ಒಮ್ಮೆಲೇ ಅಲ್ಲಿಗೆ ಏರುವುದು ಹಿರಿಯರಿಗೆ ಹಿತವಲ್ಲ. ಹೋಗುವಾಗ 1,800 ಮೀಟರ್ ಎತ್ತರದ, ಕೊಲೊರಾಡೊದ ಟ್ರಿನಿಡಾಡ್ ಪಟ್ಟಣದಲ್ಲಿ ಒಂದು ರಾತ್ರಿ ತಂಗಿ, ನೀರು ಹೆಚ್ಚು ಕುಡಿಸಿ, ಹೊರಡುವ ಮೊದಲೇ ವೈದ್ಯರನ್ನು ಕೇಳಿಕೊಳ್ಳಿ. ಶರತ್ಕಾಲದಲ್ಲಿ ಮೆಡಾನೊ ತೊರೆ ಸಾಮಾನ್ಯವಾಗಿ ಬತ್ತಿರುತ್ತದೆ. ವಾಹನ ನಿಲ್ಲಿಸುವ ಜಾಗದಿಂದ ಅದರ ಸಮತಟ್ಟಾದ ಪಾತ್ರದವರೆಗೆ ನಿಧಾನವಾಗಿ ನಡೆದು ಕುರ್ಚಿ ಹಾಕಿಕೊಂಡು ಕೂತರೆ ದಿಬ್ಬಗಳೂ ಪರ್ವತಗಳೂ ಎದುರಿಗೇ ಇರುತ್ತವೆ. ಮರಳಿನಲ್ಲಿ ಓಡಾಡುವ ಅಗಲ ಚಕ್ರದ ಗಾಲಿಕುರ್ಚಿಗಳನ್ನು ಸಂದರ್ಶಕ ಕೇಂದ್ರದವರು ಎರವಲು ಕೊಡುತ್ತಾರೆ, ಮೊದಲೇ ಕರೆ ಮಾಡಿ ವಿಚಾರಿಸಿ.

ಕ್ಯಾಮೆರಾಗೆ ಅಪಾಯ ಖಂಡಿತ ಇದೆ. ದಿಬ್ಬದ ಮೇಲೆ ಲೆನ್ಸ್ ಬದಲಿಸಲೇಬೇಡಿ. 70-200 ಹಾಕಿಕೊಂಡೇ ಮೇಲೇರಿ. ಟ್ರೈಪಾಡ್‌ನ ಎಲ್ಲಕ್ಕಿಂತ ಕೆಳಗಿನ ಭಾಗವನ್ನು ಮೊದಲು ಹೊರಗೆಳೆದರೆ ಅದರ ಬಿಗಿತಿರುಪು ಮರಳಿಗಿಂತ ಮೇಲುಳಿಯುತ್ತದೆ. ಲೆನ್ಸಿನ ಗಾಜಿನ ಮೇಲೆ ಕೂತ ಮರಳನ್ನು ಬಟ್ಟೆಯಿಂದ ಉಜ್ಜಿದರೆ ಗೀರು ಬೀಳುವುದರಿಂದ, ಮೊದಲು ರಬ್ಬರ್ ಊದುಕದಿಂದ ಗಾಳಿ ಹಾಯಿಸಿ. ಡ್ರೋನ್ ಇದ್ದರೆ ಮನೆಯಲ್ಲೇ ಬಿಟ್ಟು ಬನ್ನಿ, ರಾಷ್ಟ್ರೀಯ ಉದ್ಯಾನಗಳಲ್ಲಿ ಅದಕ್ಕೆ ನಿಷೇಧವಿದೆ.