ಹೊಂಡಕ್ಕೆ ಬಿಟ್ಟ ಮೀನುಮರಿ ಮೂರೇ ದಿನಕ್ಕೆ ಸತ್ತವು: ತಪ್ಪು ಮರಿಯದ್ದಾ, ನೀರಿನದ್ದಾ?

ಪ್ರಶ್ನೆ (ಶಿರಾ ಕಡೆಯ ರೈತರು): ನಮಸ್ಕಾರ ಮೇಡಂ. ನಮ್ಮದು 21 ಮೀಟರ್ ಉದ್ದ, 21 ಮೀಟರ್ ಅಗಲದ ಕೃಷಿ ಹೊಂಡ, ಪ್ಲಾಸ್ಟಿಕ್ ಹಾಳೆ ಹಾಕಿದೆ. ಬೋರ್‌ವೆಲ್ ನೀರು ತುಂಬಿಸಿದ ಎರಡನೇ ದಿನವೇ ಕಾಟ್ಲಾ, ರೋಹು ಸೇರಿ ಎರಡು ಸಾವಿರ ಮರಿ ಬಿಟ್ಟೆ. ಒಂದಿಂಚಿನವು. ಮಧ್ಯಾಹ್ನ ಮನೆ ಮುಟ್ಟಿದಾಗ ಚೀಲದಲ್ಲಿ ಚುರುಕಾಗಿಯೇ ಇದ್ದವು. ಗಾಳಿಯಾಡಲಿ ಅಂತ ಕಟ್ಟು ಬಿಚ್ಚಿ ನೆರಳಲ್ಲಿಟ್ಟೆ. ಊಟ ಮುಗಿಸಿ ಬಂದು ಹೊಂಡಕ್ಕೆ ಸುರಿದೆ. ಮರುದಿನ ಬೆಳಿಗ್ಗೆ ಅಂಚಿನಲ್ಲೆಲ್ಲಾ ಬೆಳ್ಳಗೆ ತೇಲುತ್ತಿದ್ದವು. ಮೂರು ದಿನಕ್ಕೆ ಎಲ್ಲಾ ಹೋದವು. ನೀರು ಕನ್ನಡಿ ಹಾಗಿದೆ, ನಾವು ಕುಡಿಯೋದೂ ಅದೇ. ರೋಗದ ಮರಿ ಕೊಟ್ಟರಾ?

ಉತ್ತರ: ನಮಸ್ಕಾರ. ಓದಿ ಬಹಳ ಬೇಜಾರಾಯಿತು. ರೋಗದ ಮರಿ ಚೀಲದಲ್ಲೇ ಮಂಕಾಗಿ ಮೂಲೆ ಹಿಡಿಯುತ್ತದೆ. ನಿಮ್ಮವು ಚುರುಕಾಗಿದ್ದವು ಅಂತ ನೀವೇ ಬರೆದಿದ್ದೀರಿ. ನನಗೆ ಅನುಮಾನ ಬರೋದು ಎರಡು ಕಡೆ: ಬಿಚ್ಚಿಟ್ಟ ಚೀಲ, ಮತ್ತು ಹೊಸ ಬೋರ್‌ವೆಲ್ ನೀರು.

ಮೊದಲು ಚೀಲ. ಕಟ್ಟಿದ ಚೀಲದಲ್ಲಿ ಮರಿ ಉಸಿರು ಬಿಟ್ಟು ಬಿಟ್ಟು ಇಂಗಾಲದ ಡೈಆಕ್ಸೈಡ್ ಸೇರುತ್ತದೆ, ನೀರು ಹುಳಿಯಾಗುತ್ತದೆ, ಅಂದರೆ ಪಿಎಚ್ ಇಳಿಯುತ್ತದೆ. ಮರಿಯ ಮೈಯಿಂದ ಅಮೋನಿಯಾ ಕೂಡ ಬರುತ್ತಿರುತ್ತದೆ. ಆದರೆ ಹುಳಿ ನೀರಿನಲ್ಲಿ ಅದರ ವಿಷ ಏರುವುದಿಲ್ಲ. ನೀವು ಕಟ್ಟು ಬಿಚ್ಚಿದ ತಕ್ಷಣ ಇಂಗಾಲದ ಡೈಆಕ್ಸೈಡ್ ಹಾರಿ ಹೋಗುತ್ತದೆ, ಪಿಎಚ್ ಏರುತ್ತದೆ, ಅದೇ ಅಮೋನಿಯಾ ಆಗ ವಿಷವಾಗುತ್ತದೆ. ಮೇಲೆ ತುಂಬಿದ್ದ ಆಕ್ಸಿಜನ್ನೂ ಹೋಯಿತು. ಗಾಳಿಯಾಡಲಿ ಅಂತ ಮಾಡಿದ್ದೇ ಮುಳುವಾಯಿತು. ನಿಮ್ಮ ತಪ್ಪಲ್ಲ, ಮರಿ ಕೊಡುವವರು ಇದನ್ನು ಹೇಳಿ ಕಳಿಸಬೇಕು.

ಮುಂದಿನ ಸಲ ಕಟ್ಟಿದ ಚೀಲವನ್ನು ಹಾಗೇ ಹೊಂಡದಲ್ಲಿ ತೇಲಿಬಿಡಿ, 15–20 ನಿಮಿಷ. ಒಳಗಿನ, ಹೊರಗಿನ ನೀರಿನ ಬಿಸಿ ಒಂದಾಗಲಿ. ಆಮೇಲೆ ಬಿಚ್ಚಿ, ತಡ ಮಾಡದೆ ಹೊಂಡದ ನೀರನ್ನು ಒಂದೊಂದೇ ಚೊಂಬು ಒಳಗೆ ಹಾಕುತ್ತಾ ಬನ್ನಿ. ಕೊನೆಗೆ ಚೀಲ ವಾಲಿಸಿ, ಮರಿ ತಾವಾಗಿಯೇ ಈಜಿಕೊಂಡು ಹೋಗಲಿ, ಸುರಿಯಬೇಡಿ. ಉರಿ ಬಿಸಿಲಲ್ಲಿ ಬೇಡವೇ ಬೇಡ. ಬೆಳಿಗ್ಗೆ ಏಳೆಂಟು ಗಂಟೆ ಒಳ್ಳೆಯ ಹೊತ್ತು.

ಇನ್ನು ನೀರು. ನಾವು ನೀರು ಕುಡಿಯುತ್ತೇವೆ, ಮರಿ ಅದರಲ್ಲೇ ಉಸಿರಾಡಬೇಕು. ಆಳದಿಂದ ಬಂದ ನೀರಲ್ಲಿ ಕರಗಿದ ಆಕ್ಸಿಜನ್ ತೀರಾ ಕಡಿಮೆ ಇರುತ್ತದೆ. ಮರಿಗೆ ಲೀಟರಿಗೆ 5 ಮಿಲಿಗ್ರಾಂ ಇದ್ದರೆ ನೆಮ್ಮದಿ, 3ಕ್ಕಿಂತ ಇಳಿದರೆ ಒದ್ದಾಟ. ಕೆಲವು ಬೋರ್‌ಗಳಲ್ಲಿ ಕಬ್ಬಿಣದ ಅಂಶವೂ ಜಾಸ್ತಿ. ಅದು ಗಾಳಿ ತಾಗಿದಾಗ ತುಕ್ಕಾಗಿ ಕಿವಿರಿನ ಎಳೆಗಳ ಮೇಲೆ ಕೂರುತ್ತದೆ. ಒಂದು ಬಿಳಿ ಬಾಟಲಿಗೆ ಬೋರ್ ನೀರು ಅರ್ಧ ಹಿಡಿದು, ಚೆನ್ನಾಗಿ ಕುಲುಕಿ ರಾತ್ರಿಯಿಡೀ ಇಡಿ. ಬೆಳಿಗ್ಗೆ ತಳದಲ್ಲಿ ಕೆಂಪು ಗಸಿ ಕಂಡರೆ ಕಬ್ಬಿಣವೇ. ಕನ್ನಡಿಯಂಥ ನೀರು ಅಂದರೆ ಮರಿ ತಿನ್ನುವ ಸಣ್ಣ ಜೀವಿಗಳೂ ಇನ್ನೂ ಹುಟ್ಟಿಲ್ಲ ಅಂತ.

ಸಂಖ್ಯೆಯೂ ಜಾಸ್ತಿಯಾಯಿತು. ಈ ಅಳತೆಗೆ ನಾಲ್ಕಿಂಚಿನ ಮರಿ ಇನ್ನೂರರಿಂದ ನಾನೂರು ಸಾಕು.

ಪ್ರಶ್ನೆ (ಮಂಡ್ಯದಿಂದ): ನಮ್ಮದು ಉಲ್ಟಾ ಮೇಡಂ. ಮಣ್ಣಿನ ಹೊಂಡ, ನೀರು ಕಡು ಹಸಿರು. ಬೆಳಗಿನ ಜಾವ ಮರಿಗಳೆಲ್ಲಾ ಮೇಲೆ ಬಂದು ಬಾಯಿ ಬಿಡುತ್ತವೆ, ಹತ್ತು ಗಂಟೆಗೆ ಸರಿಹೋಗುತ್ತವೆ. ಸುಣ್ಣ ಹಾಕಿದರೆ ಆಗುತ್ತೆ ಅಂತಾರೆ, ನಿಜವಾ?

ಉತ್ತರ: ತಡೆಯಿರಿ, ಈಗ ಸುಣ್ಣ ಹಾಕಬೇಡಿ. ಹಗಲು ಪಾಚಿ ಆಕ್ಸಿಜನ್ ಕೊಡುತ್ತದೆ, ರಾತ್ರಿ ಅದೇ ಪಾಚಿ ಉಸಿರಾಡಿ ತೆಗೆದುಕೊಳ್ಳುತ್ತದೆ. ಹಾಗಾಗಿ ಬೆಳಕು ಹರಿಯುವ ಮುಂಚೆ ಆಕ್ಸಿಜನ್ ಅತಿ ಕಡಿಮೆ. ಮಧ್ಯಾಹ್ನ ಪರೀಕ್ಷೆ ಮಾಡಿಸಿ 'ನೀರು ಚೆನ್ನಾಗಿದೆ' ಅನ್ನುವವರು ಇಲ್ಲೇ ಮೋಸ ಹೋಗೋದು. ಮೋಡ ಮುಚ್ಚಿದ ದಿನ ಇನ್ನೂ ಕಷ್ಟ.

ಸಗಣಿ, ಮೇವು ಎರಡನ್ನೂ ಇವತ್ತೇ ನಿಲ್ಲಿಸಿ. ನಸುಕಿನ ನಾಲ್ಕು ಗಂಟೆಗೆ ಮೋಟಾರ್ ಹಾಕಿ, ಹೊಂಡದ ನೀರನ್ನೇ ಎತ್ತಿ ತೂತು ಕೊರೆದ ಪೈಪಿನಿಂದ ಮಳೆ ಹಾಗೆ ಬೀಳಿಸಿ. ಕರೆಂಟ್ ಇಲ್ಲದಿದ್ದರೆ ಬಿದಿರು ಗಳದಿಂದ ನೀರು ಬಡಿದರೂ ಅಷ್ಟು ಜೀವ ಉಳಿಯುತ್ತದೆ. ಸಾಧ್ಯವಾದರೆ ಕಾಲು ಭಾಗ ನೀರು ಬದಲಿಸಿ. ಬಿಸಿಲಿನ ಹೊತ್ತಲ್ಲಿ ಮೊಣಕೈವರೆಗೆ ಕೈ ಅದ್ದಿ ನೋಡಿ. ಅಂಗೈ ಮಸುಕಾಗಿ ಕಂಡರೆ ಹಸಿರು ಹದವಾಗಿದೆ. ಅರ್ಧ ಮೊಳಕ್ಕೇ ಮಾಯವಾದರೆ ಅತಿಯಾಗಿದೆ.

ಸುಣ್ಣದ ವಿಷಯ. 28 ಡಿಗ್ರಿ ಬಿಸಿಯ ನೀರಲ್ಲಿ ಪಿಎಚ್ 7 ಇದ್ದರೆ ಒಟ್ಟು ಅಮೋನಿಯಾದಲ್ಲಿ ನೂರಕ್ಕೆ ಒಂದು ಪಾಲೂ ವಿಷರೂಪದಲ್ಲಿ ಇರುವುದಿಲ್ಲ. 8 ಆದರೆ ಆರೇಳು ಪಾಲು. 9 ಆದರೆ ಸುಮಾರು ನಲವತ್ತು. ನಿಮ್ಮಂಥ ಹಸಿರು ನೀರು ಮಧ್ಯಾಹ್ನ ತಾನಾಗಿಯೇ 9 ಮುಟ್ಟಬಲ್ಲದು. ಅದಕ್ಕೆ ಸುಟ್ಟ ಸುಣ್ಣ ಸುರಿದರೆ ಏನಾಗುತ್ತೆ ಹೇಳಿ? ಸುಣ್ಣ ಬೇಕಾಗೋದು ಮಲೆನಾಡಿನಂಥ ಹುಳಿ ಮಣ್ಣಿನ ಹೊಂಡಕ್ಕೆ, ಅದೂ ಮರಿ ಬಿಡುವ ಮುಂಚೆ. ಅಕ್ವೇರಿಯಂ ಅಂಗಡಿಯಲ್ಲಿ ಪಿಎಚ್, ಅಮೋನಿಯಾ ನೋಡುವ ಹನಿ ಕಿಟ್ ಸಿಗುತ್ತದೆ. ಬೆಳಿಗ್ಗೆ ಆರಕ್ಕೆ, ಮಧ್ಯಾಹ್ನ ಮೂರಕ್ಕೆ ಎರಡೂ ಹೊತ್ತು ನೋಡಿ, ಇಲ್ಲಿ ಬರೆಯಿರಿ.

ಶಿರಾ ಕಡೆಯ ರೈತರು: ಬಾಟಲಿಯಲ್ಲಿ ಇಟ್ಟು ನೋಡಿದೆ ಮೇಡಂ. ತಳದಲ್ಲಿ ಇಟ್ಟಿಗೆ ಪುಡಿ ಹಾಗೆ ಕೂತಿದೆ. ಹಾಗಾದರೆ ನಮ್ಮ ಹೊಂಡದಲ್ಲಿ ಮೀನು ಆಗೋದೇ ಇಲ್ವಾ?

ಉತ್ತರ: ಯಾಕಾಗಲ್ಲ? ಪೈಪನ್ನು ಆಳೆತ್ತರಕ್ಕೆ ಕಟ್ಟಿ, ನೀರು ಕಲ್ಲಿನ ಮೇಲೋ ತೂತಿನ ತಗಡಿನ ಮೇಲೋ ಬಿದ್ದು ಚದುರಿ ಹೊಂಡಕ್ಕೆ ಇಳಿಯಲಿ. ಗಾಳಿ ಸೇರುತ್ತದೆ, ಕಬ್ಬಿಣ ಗಸಿಯಾಗಿ ತಳ ಸೇರುತ್ತದೆ. ಎರಡು ಬುಟ್ಟಿ ಸಗಣಿ ಕದಡಿ ಹಾಕಿ, ಹತ್ತು ಹದಿನೈದು ದಿನ ಬಿಡಿ. ನೀರು ತಿಳಿ ಹಸಿರಿಗೆ ತಿರುಗಲಿ.

ಆಮೇಲೂ ಎಲ್ಲಾ ಮರಿ ಒಟ್ಟಿಗೆ ತರಬೇಡಿ. ಸೊಳ್ಳೆ ಪರದೆ ಬಟ್ಟೆಯನ್ನು ಚೀಲದ ಹಾಗೆ ಹೊಲಿದು, ನಾಲ್ಕು ಗಳಕ್ಕೆ ಕಟ್ಟಿ ನೀರಲ್ಲಿ ನಿಲ್ಲಿಸಿ. ಇಪ್ಪತ್ತು ಮರಿ ತಂದು ಅದರೊಳಗೆ ಬಿಡಿ. ಒಂದು ಹಗಲು, ಒಂದು ರಾತ್ರಿ. ಬೆಳಿಗ್ಗೆ ಆರು ಗಂಟೆಗೆ ಪರದೆ ಎತ್ತಿ ಎಣಿಸಿ. ಇಪ್ಪತ್ತೂ ಜಿಗಿದಾಡುತ್ತಿದ್ದರೆ ಆವತ್ತೇ ಉಳಿದವಕ್ಕೆ ಹೇಳಿ ಕಳಿಸಿ.