ಘಾಟಿಯಲ್ಲಿ ಕಾದು ನಿಂತ ಹಳೆಯ ಕಾರು ಮತ್ತೆ ಸ್ಟಾರ್ಟ್ ಆಗುತ್ತಿಲ್ಲ

ಪ್ರಶ್ನೆ: ನನ್ನ ಬಳಿ 1996ರ ಕಾರ್ಬ್ಯುರೇಟರ್ ಪೆಟ್ರೋಲ್ ಕಾರಿದೆ. ಕಳೆದ ಭಾನುವಾರ ಚಾರ್ಮಾಡಿ ಘಾಟಿ ಹತ್ತುವಾಗ ಟೆಂಪರೇಚರ್ ಮುಳ್ಳು ಕೆಂಪು ಗೆರೆಗೆ ಏರಿ, ಬಾನೆಟ್ ಸಂದಿಯಿಂದ ಹಬೆ ಎದ್ದು, ಎಂಜಿನ್ ತಾನಾಗಿಯೇ ನಿಂತಿತು. ಪೂರ್ತಿ ತಣಿದ ಮೇಲೆ ರೇಡಿಯೇಟರ್‌ಗೆ ನೀರು ತುಂಬಿಸಿದ್ದೇನೆ. ಈಗ ಸ್ಟಾರ್ಟರ್ ಮೊದಲಿಗಿಂತ ಸಲೀಸಾಗಿ, ವೇಗವಾಗಿ ತಿರುಗುತ್ತದೆಯಾದರೂ ಎಂಜಿನ್ ಹೊತ್ತಿಕೊಳ್ಳುವುದಿಲ್ಲ. ಮೊದಲು ಏನನ್ನು ಪರೀಕ್ಷಿಸಬೇಕು?

ಉತ್ತರ 1: ವೇಗವಾಗಿ ತಿರುಗುತ್ತದೆ ಎಂಬ ನಿಮ್ಮ ಮಾತೇ ದೊಡ್ಡ ಸುಳಿವು. ಸಿಲಿಂಡರ್‌ಗಳಲ್ಲಿ ಕಂಪ್ರೆಷನ್ (ಪಿಸ್ಟನ್ ಒತ್ತಿದಾಗ ಒಳಗೆ ಉಂಟಾಗುವ ಒತ್ತಡ) ನಿಲ್ಲದಿದ್ದಾಗ ಪಿಸ್ಟನ್‌ಗೆ ಎದುರೊತ್ತಡವಿಲ್ಲದೆ ಹೀಗಾಗುತ್ತದೆ. ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕ್‌ಗೂ ಅದರ ಮೇಲೆ ಮುಚ್ಚಳದಂತೆ ಕೂರುವ ಹೆಡ್‌ಗೂ ನಡುವಿನ ಸೀಲ್) ಸುಟ್ಟಿರಬಹುದು ಅಥವಾ ಟೈಮಿಂಗ್ ಬೆಲ್ಟ್ (ವಾಲ್ವ್‌ಗಳನ್ನು ಸರಿಯಾದ ಸಮಯಕ್ಕೆ ತೆರೆಯಿಸುವ ಬೆಲ್ಟ್) ತುಂಡಾಗಿರಬಹುದು. ಡಿಪ್‌ಸ್ಟಿಕ್ (ಎಂಜಿನ್ ಆಯಿಲ್ ಮಟ್ಟ ನೋಡುವ ಕಡ್ಡಿ) ಎಳೆದು ನೋಡಿ. ಆಯಿಲ್ ಹಾಲು ಬೆರೆತ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಅದರಲ್ಲಿ ನೀರು ಸೇರಿದೆ ಎಂದರ್ಥ. ಹಾಗಿದ್ದಲ್ಲಿ ಬೇರಿಂಗ್‌ಗಳು ಹಾಳಾಗದಂತೆ, ಸ್ಟಾರ್ಟ್ ಮಾಡುವ ಪ್ರಯತ್ನವನ್ನೇ ನಿಲ್ಲಿಸಿ.

ಉತ್ತರ 2: ಮೇಲಿನವರ ಮಾತಿಗೆ ಒಂದು ಸೇರ್ಪಡೆ. ಎಲ್ಲ ಸ್ಪಾರ್ಕ್ ಪ್ಲಗ್‌ಗಳನ್ನು ಬಿಚ್ಚಿ, ಆಕ್ಸಿಲರೇಟರ್ ಪೂರ್ತಿ ಒತ್ತಿಹಿಡಿದು, ಪ್ರತಿ ಸಿಲಿಂಡರ್‌ನ ಕಂಪ್ರೆಷನ್ ಅಳೆಸಿ. ಅಕ್ಕಪಕ್ಕದ ಎರಡರಲ್ಲಿ ಮಾತ್ರ ಕಡಿಮೆ ಬಂದರೆ ನಡುವಿನ ಗ್ಯಾಸ್ಕೆಟ್ ಮೇಲೆಯೇ ಸಂಶಯ. ಕಡಿಮೆ ಬಂದ ಸಿಲಿಂಡರ್‌ಗೆ ಒಂದು ಚಮಚ ಎಂಜಿನ್ ಆಯಿಲ್ ಹಾಕಿದೊಡನೆ ಒತ್ತಡ ಏರಿದರೆ ಪಿಸ್ಟನ್ ಸುತ್ತಲಿನ ರಿಂಗ್‌ಗಳು ಸವೆದಿವೆ. ಎಲ್ಲವೂ ಸರಿಯಿದ್ದರೆ ಇಗ್ನಿಷನ್ ಕಾಯಿಲ್ (ಪ್ಲಗ್‌ನ ಕಿಡಿಗೆ ವಿದ್ಯುತ್ ಒದಗಿಸುವ ಭಾಗ) ನೋಡಿ. ಅಲ್ಯೂಮಿನಿಯಂ ಹೆಡ್ ಅತಿಯಾಗಿ ಕಾದಾಗ ಡೊಂಕಾಗಬಹುದು. ಲೇತ್ ಅಂಗಡಿಯಲ್ಲಿ ಮೇಲ್ಮೈ ಪರೀಕ್ಷಿಸದೆ ಹೊಸ ಗ್ಯಾಸ್ಕೆಟ್ ಹಾಕಿಸುವುದು ದುಡ್ಡು ದಂಡ.

ಪ್ರಶ್ನೆ ಕೇಳಿದವರು: ಇಬ್ಬರಿಗೂ ಧನ್ಯವಾದಗಳು. ಆಯಿಲ್ ಶುದ್ಧವಾಗಿದೆ, ಬೆಲ್ಟ್ ಸರಿಯಿದೆ. ಆದರೆ ಎರಡು ಮತ್ತು ಮೂರನೆಯ ಸಿಲಿಂಡರ್‌ಗಳಲ್ಲಿ ಒತ್ತಡವೇ ಇಲ್ಲ. ನಾಳೆ ಹೆಡ್ ಇಳಿಸುತ್ತಿದ್ದೇವೆ.